ಕವಳಿ ಕಂಟಿಗೆ ಬಿದ್ದ ಹುಳ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಹುಳ ಕಂಡರೆ ಮೈ ಜುಂ ಎನ್ನುತ್ತದೆ ಎಂದರೆ ನೀವು ನಗುತ್ತೀರಿ. ನಗಿ. ಚಿಟ್ಟೆಯ ಜೀವನಚಕ್ರವನ್ನು ಬಣ್ಣದ ಚಾಕ್‌ಪೀಸಿನಲ್ಲಿ ಎಷ್ಟು ಚಂದ ಬಿಡಿಸುತ್ತಿದ್ದೆನೆಂದರೆ ತಪಾಸಣೆಗೆ ಬಂದ ಸಾಹೇಬರೇ ತಲೆದೂಗಿದ್ದರು. ಆದರೆ ಹಲಗೆಯ ಮೇಲಿನ ಹುಳ ಹರಿದಾಡುವುದಿಲ್ಲವಲ್ಲ! ಈ ಬೇಸಿಗೆಯಲ್ಲಿ ಹಳಿಯಾಳದ ನಮ್ಮ ಹಿತ್ತಲಿನ ಕವಳಿ ಕಂಟಿಗೆ, ಹುಳಿಕಾಯಿ ಬಿಡುವ ಆ ಮುಳ್ಳುಪೊದೆಗೆ, ಬೆರಳ ಗಾತ್ರದ ಹಸಿರು ಹುಳ ಬಿದ್ದವು. ಬಸುರಿ ಮಗಳನ್ನು ಕರೆತರಲು ಧಾರವಾಡಕ್ಕೆ ಹೊರಟ ಹೆಂಡತಿ ಹೇಳಿಹೋದದ್ದು ಒಂದೇ ಮಾತು: "ಆಕಿಗೆ ಕವಳಿಕಾಯಿ ಮ್ಯಾಲೆ ಭಾಳ ಜೀವ ಹೋಗೇತಿ. ನಾವು ಬರೂದ್ರಾಗ ಕಾಯಿ ಹಾಳಾಗಬಾರ್ದು ನೋಡ್ರಿ."

ಔಷಧದ ಅಂಗಡಿಯಲ್ಲಿ "ಯಾವ ಬೆಳಿಗೆ ಬೇಕ್ರಿ?" ಎಂದರು. ಸುತ್ತಲೂ ಕಬ್ಬು, ಗೋವಿನಜೋಳ ಎಂದು ಎಕರೆಗಟ್ಟಲೆ ಮಾತಾಡುವ ರೈತರು. ಅವರೆದುರು ಒಂದೇ ಒಂದು ಕವಳಿ ಕಂಟಿ ಎನ್ನಲು ನಾಚಿಕೆಯಾಗಿ "ಬೇಲಿಗ್ರಿ" ಎಂದುಬಿಟ್ಟೆ. ಅವರು ಬೇಲಿಗೆ ತಕ್ಕ ಔಷಧವನ್ನೇ ಕೊಟ್ಟರು.

ಬುಧವಾರ ಮುಖಕ್ಕೆ ಟವೆಲ್ ಸುತ್ತಿ, ಪಂಪು ಬೆನ್ನಿಗೇರಿಸಿ ನಿಂತಿದ್ದೆ. ಪಕ್ಕದ ಮನೆಯ ಲೂಸಿಯಾಬಾಯಿ ಇಣುಕಿದರು.

"ಸರ್ರ, ಕಾಯಿ ಯಾವಾಗ ಹರಿತೀರಿ?"

"ಐತವಾರ, ಮಗಳು ಬಂದಕೂಡಲೆ."

"ಹುಳಾ ಅಂತೂ ಸಾಯ್ತಾವ್ರಿ. ಆಮ್ಯಾಲೆ ಆ ಕಾಯಿ ಬಸುರಿ ಹುಡುಗಿ ತಾಟಿಗೆ ಹಾಕ್ತೀರೇನ್ರಿ?"

ಬಾಟಲಿಯ ಚೀಟಿ ಆಗ ಓದಿದೆ. ತಿನ್ನುವ ಗಿಡಕ್ಕೆ ಹೊಡೆಯಬಾರದು ಎಂದಿತ್ತು. ಪಂಪು ಬೆನ್ನಿನಿಂದ ಇಳಿಸಿದೆ. ನಿಜವಾಗಿಯೂ ಹೆದರಿಬಿಟ್ಟೆ.

"ಒಂದ್ ಬಿಳೀ ಧೋತರ ತರ್ರಿ" ಎಂದರು ಆಕೆ. ಅದನ್ನು ಕಂಟಿಯ ಬುಡಕ್ಕೆ ಹಾಸಿ, ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಅಲ್ಲಲ್ಲಿ ಕಪ್ಪು ಹಿಕ್ಕಿ ಬಿದ್ದಿತ್ತು. ಹಿಕ್ಕಿಯಿಂದ ನೆಟ್ಟಗೆ ಮೇಲೆ ನೋಡಿದರೆ, ಎಲೆಗಳ ನಡುವೆ ಎಲೆಯಂತೆಯೇ ಕೂತ ಹುಳ! ಲೂಸಿಯಾಬಾಯಿ ಮುಳ್ಳಿನೊಳಗೆ ಕೈ ಹಾಕಿ ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕಿದರು. ಡಬ್ಬಿ ಹಿಡಿದವನು ನಾನು, ಮುಖ ಆಚೆ ತಿರುಗಿಸಿಕೊಂಡು. ಮೂರು ದಿನ ಮುಂಜಾನೆ ಇದೇ ಕೆಲಸ. ಎಂಥ ತಲೆ ಆಕೆಯದು! ಇಂಥವರು ನನಗೆ ಪಾಠ ಹೇಳಿದ್ದರೆ ನಾನೂ ಸ್ವಲ್ಪ ವಿಜ್ಞಾನ ಕಲಿಯುತ್ತಿದ್ದೆನೇನೋ ಅನ್ನಿಸಿತು.

ಐತವಾರ ಮಗಳು ಚಪ್ಪಲಿ ಬಿಡುವ ಮೊದಲೇ ಕಾಯಿ ಕಿತ್ತು, ಉಪ್ಪು ಹಚ್ಚಿ, ಕಣ್ಣು ಮುಚ್ಚಿ ತಿಂದಳು. ಆ ಮುಖ ನೋಡಿ ನನ್ನ ಎದೆ ತುಂಬಿತು, ನಾಲಿಗೆ ಹದ್ದು ಮೀರಿತು. "ಹುಳಾ ಬಿದ್ದಿದ್ವು. ಒಂದೊಂದ ಹಿಡದ ತಗದೇನಿ, ಈ ಕೈಯಿಂದ!" ಎಂದೆ.

ಹೆಂಡತಿ ಆ ಕೈಗಳನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕವಳಿ ಮುಳ್ಳಾಗ ಕೈ ಹಾಕಿದ್ರೂ ಒಂದ ಗೀರಿಲ್ಲಲ್ರಿ?" ಎಂದವಳೇ, ಕೊಬ್ಬರಿ ಎಣ್ಣೆಯ ಬಟ್ಟಲಿಗೆ ಅರಿಸಿನ ಕಲಸಿಕೊಂಡು ನೆಟ್ಟಗೆ ಲೂಸಿಯಾಬಾಯಿಯ ಮನೆಗೆ ನಡೆದಳು.