ಸಾಯಬಣ್ಣನ ಒಂಬತ್ತಾಣೆ ಬೆರಳು

ಆ ದಿನದ ರಗಳಿಗೆಲ್ಲಾ ಕಾರಣ ಒಂದು ಚೇಳು. ಹಂಗ ನೋಡಿದ್ರ ಅದರ ತಪ್ಪೂ ಇದ್ದಿಲ್ಲ ಬಿಡ್ರಿ. ಚಳಿ ಅಂತ ಪಾಪ ಹತ್ತಿ ರಾಶ್ಯಾಗ ಬೆಚ್ಚಗ ಮಲ್ಕೊಂಡಿತ್ತು. ವಳಸಂಗದ ಸಾಯಬಣ್ಣ ನಸುಕಿನ್ಯಾಗ ಬಂಡಿ ಹೇರಾಕ ಅದ ರಾಶ್ಯಾಗ ಕೈ ಹಾಕಿದ. ಬಲಗೈ ತೋರಬೆರಳಿಗೆ ಬರೋಬರ ಕುಟುಕ್ತು.

"ಅವ್ವಾ, ಸತ್ನೇ!"

ಅಂವ ಒದರಿದ್ದಕ್ಕ ಓಣಿ ಕೋಳಿ ಎಲ್ಲಾ ಗಡಬಡಿಸಿ ಎದ್ದು, ನಮಗ ತಡಾ ಆತೇನೋ ಅಂತ ಒಮ್ಮೆಲೆ ಕೂಗಿದ್ವು.

ಹೆಂಡ್ತಿ ಗುರಮ್ಮ ಓಡಿ ಬಂದು ಉಳ್ಳಾಗಡ್ಡಿ ತಿಕ್ಕಿ, ಅರಿಷಿಣ ಮೆತ್ತಿ, ಹಳೀ ಧೋತರದ ಚೂರು ಸುತ್ತಿದ್ಳು. "ಇವತ್ತ ಪ್ಯಾಟಿಗೆ ಹೋಗಬ್ಯಾಡ್ರಿ" ಅಂದ್ಳು.

ಕಟ್ಟಿ ಮ್ಯಾಲ ಕುಂತು ಚಹಾ ಕುಡ್ಯಾಕತ್ತಿದ್ದ ಆಕಿ ಅಣ್ಣ ಅಮೃತಪ್ಪ ನಕ್ಕ. ಅಂವ ವಾಗದರಿಯಿಂದ ತನ್ನ ಹತ್ತಿ ಬಂಡಿ ಹೊಡ್ಕೊಂಡು ಹಿಂದಿನ ದಿನಾನ ಬಂದು ತಂಗಿ ಮನ್ಯಾಗ ಇಳ್ದಿದ್ದ.

"ಹೋಗಬ್ಯಾಡೋ ಸಾಯಬ್ಯಾ. ಮನ್ಯಾಗ ಕುಂಡ್ರು. ಮೀಸಿ ಇಲ್ಲೇ ಬೋಳಿಸಿಕೋ, ಪ್ಯಾಟ್ಯಾಗ ಮರ್ಯಾದಿ ಉಳೀತದ."

ಇಬ್ಬರ ನಡುವಿನ ಪೈಜ, ಅಂದ್ರ ಪಂಥ, ಅದ ಇತ್ತು. ಇಬ್ರೂ ಸೋಲಾಪುರ ಪ್ಯಾಟ್ಯಾಗ ಹತ್ತಿ ಮಾರಬೇಕು, ಯಾರಿಗೆ ದರ ಕಡಿಮಿ ಬರ್ತದ ಅಂವ ಹೊತ್ತು ಮುಳುಗೂದ್ರೊಳಗ ಪ್ಯಾಟಿ ನಡುವ ಕುಂತು ಮೀಸಿ ಬೋಳಿಸ್ಕೋಬೇಕು. ಸಾಯಬಣ್ಣನ ಮೀಸಿ ಅಂದ್ರ ಸಾದಾ ಮೀಸಿ ಅಲ್ಲ. ಖಿಲಾರಿ ಎತ್ತಿನ ಕೋಡಿನಂಗ ಎರಡೂ ಕಡೆ ಮ್ಯಾಲೆದ್ದು ನಿಂತಿತ್ತು. ಇಪ್ಪತ್ತು ವರ್ಷ ಎಣ್ಣಿ ಕುಡಿಸಿ ಬೆಳಸಿದ್ದು.

"ಬಂಡಿ ಹೂಡು!" ಅಂದ ಸಾಯಬಣ್ಣ.

ದಾರ್ಯಾಗಿನ ಕುಂಭಾರಿ ಊರು ಮುಟ್ಟೂದ್ರಾಗ ಬೆರಳು ಬದನಿಕಾಯಿ ಆತು. ಬಾವಿ ಕಟ್ಟಿಗೆ ಎತ್ತಿಗೆ ನೀರು ಕುಡಿಸಾಕ ನಿಂತ್ರ, ಊರವ್ರೆಲ್ಲಾ ವೈದ್ಯರಾದ್ರು. ಕಲ್ಯಾಣಪ್ಪ ಅನ್ನೋ ಮುದುಕ ಹುಣಸಿ ಬೀಜ ತೇಯ್ದು ಹಚ್ಚಿ ಇನ್ನೊಂದು ಅರಿವಿ ಸುತ್ತಿದ. ಪಾರ್ವತಿಬಾಯಿ ಸುಣ್ಣ ಮೆತ್ತಿ ಮತ್ತೊಂದು ಸುತ್ತಿದ್ಳು. ಯಾರೋ ಸೆಗಣಿ ಚಲೋ ಅಂದ್ರು. ಅದೂ ಆತು. ಸಾಯಬಣ್ಣ ಸೋಲಾಪುರ ಪ್ಯಾಟಿಗೆ ಇಳ್ದಾಗ ಬಲಗೈ ಭೀಮನ ಗದಿಯಂಗ ಕಾಣ್ತಿತ್ತು.

ಅದು ಸಾವಿರದ ಒಂಬೈನೂರಾ ಇಪ್ಪತ್ಮೂರನೇ ಇಸವಿ. ಪ್ಯಾಟ್ಯಾಗ ಹೊಸಾ ಗಿರಾಕಿ ಒಬ್ಬ ಬಂದಿದ್ದ, ಜಪಾನಿ ಸಾಹೇಬ. ಅಲ್ಲೀ ಗಿರಣಿಗೆ ಇಲ್ಲೀ ಹತ್ತಿ ಒಯ್ಯಾಕ ಹಡಗ ಹತ್ತಿ ಬಂದಿದ್ದ. ಕನ್ನಡ ಬರಂಗಿಲ್ಲ, ಮರಾಠಿ ಬರಂಗಿಲ್ಲ. ಬಂದಷ್ಟು ಇಂಗ್ರೇಜಿ ಅವನ ಬಾಯಾಗ ಕೇಳಿದ್ರ ಯಾರಿಗೂ ತಿಳ್ಯಂಗಿಲ್ಲ. ಆದ್ರ ಪ್ಯಾಟಿ ಭಾಷಾ ಮಾತ್ರ ಹದಿನೈದು ದಿನದಾಗ ಕಲ್ತಿದ್ದ. ಅದಕ್ಕ ನಾಲ್ಗಿ ಬೇಕಾಗಿಲ್ಲ. ಇಬ್ರೂ ಕೈ ಕೂಡಿಸಿ ಮ್ಯಾಲ ಒಂದು ವಸ್ತ್ರ ಹೊಚ್ಚೂದು. ಒಂದು ಬೆರಳು ಹಿಡದ್ರ ನಿನ್ನಿ ದರದ ಮ್ಯಾಲ ಒಂದಾಣೆ, ಎರಡು ಹಿಡದ್ರ ಎರಡಾಣೆ, ಪೂರಾ ಕೈ ಹಿಡದ್ರ ಐದು. ಅದಕ್ಕೂ ಹೆಚ್ಚಿಗಿ ಬೇಕಂದ್ರ ಪೂರಾ ಕೈ ಹಿಡದು ಮತ್ತ ಒಂದರಿಂದ ಬೆರಳು ಹಿಡಿಯೂದು. ಸುತ್ತ ನಿಂತವ್ರಿಗೆ ದರ ತಿಳ್ಯಂಗಿಲ್ಲ. ವಸ್ತ್ರ ತಗದ ಮ್ಯಾಲ ಮಾತು ತಿರುಗಂಗಿಲ್ಲ.

ಇವರಿಬ್ಬರ ಹತ್ತಿ ಮಾರಿಸಿ ಕೊಡೋ ಅಡತ್ಯಾ ಸಿದ್ದರಾಮಪ್ಪ ಗಾದಿ ಮ್ಯಾಲಿಂದ ಎದ್ದು ಬಂದ. "ಸಾಯಬಣ್ಣ, ಗಡಬಡಿ ಮಾಡಬ್ಯಾಡ. ಸಂಜಿಕ ತಾರ್ ಬರ್ತದ, ನೋಡಿ ಮಾರು. ಈಗ ಹತ್ತಿ ದರ ಇಲ್ಲಿ ಆಗಂಗಿಲ್ಲಪಾ, ಅಮೇರಿಕಾದಾಗ ಆಗ್ತದ. ಸಮುದ್ರದ ತಳದಾಗ ತಂತಿ ಹಾಸ್ಯಾರ, ಅದ್ರಾಗ ಬರ್ತದ."

"ತಂತ್ಯಾಗ ಹತ್ತಿ ಬರ್ತದೇನ್ರಿ?"

"ಹತ್ತಿ ಅಲ್ಲೋ, ಸುದ್ದಿ."

"ಬಿತ್ತಿದಾಂವ ನಾನು. ಎತ್ತು ನಂದು, ಹೊಲಾ ನಂದು. ನಡುವ ಅಮೇರಿಕಾ ಯಾರ್ರಿ? ನಮಗೇನು ಬೀಗನೋ?" ಅಂದ ಸಾಯಬಣ್ಣ.

"ತಿಳೀತು. ಮೊದ್ಲ ಆ ಗದಿ ಬಿಚ್ಚು. ಪಟ್ಟಿ ಕಟಗೊಂಡು ಕೈ ಕೊಟ್ರ ಮೋಸ ಅಂತಾರ."

"ಎಡಗೈ ಕೊಡ್ಲೇನ್ರಿ?"

"ಎಡಗೈ ವ್ಯಾಪಾರಕ್ಕ ಲಕ್ಷ್ಮಿ ಬಾಗಲದಾಗಿಂದನ ತಿರುಗಿ ಹೋಗ್ತಾಳ!"

ಪಟ್ಟಿ ಬಿಚ್ಚಿದ್ರು. ಸೆಗಣಿ ವಾಸನಿಗೆ ಜನಾ ಎರಡು ಹೆಜ್ಜಿ ಹಿಂದ ಸರದ್ರು. ಸಾಹೇಬ ಮಾತ್ರ ಸರೀಲಿಲ್ಲ. ನಗ್ತಾ ಕೈ ಚಾಚಿದ. ವಸ್ತ್ರ ಹೊಚ್ಚಿದ್ರು. ಸಾಹೇಬ ಮೊದಲ ಒಂದಾಣೆ ಕೇಳಬೇಕಲ್ಲ, ಒಂದ ಬೆರಳು ಹಿಡದು ಒತ್ತಿದ. ಅದ ಬೆರಳು!

"ಅವ್ವಾ! ಬ್ಯಾಡ್ರಿ! ಬ್ಯಾಡ!"

ಪ್ಯಾಟಿ ಮಂದೆಲ್ಲಾ ಹೊಳ್ಳಿ ನೋಡ್ತು. ಸಾಹೇಬ ಗಾಬರಿ ಆಗಿ ಸಿದ್ದರಾಮಪ್ಪನ ಕಡೆ ನೋಡಿದ. ಸಿದ್ದರಾಮಪ್ಪ 'ಒಲ್ಲೆ ಅಂತಾನ' ಅಂತ ತಲಿ ಅಳ್ಳಾಡಿಸಿದ. ಸಾಹೇಬ ಎರಡು ಬೆರಳು ಹಿಡದ. ಅದ್ರಾಗೂ ಅದ ಒಂದು.

"ಅಯ್ಯಯ್ಯೋ, ಬಿಡ್ರಿ! ಒಲ್ಲೆ!"

ಮೂರು. "ಜೀವಾ ಹೊಂಟ್ತು!" ನಾಕು. ಸಾಯಬಣ್ಣ ಒಂಟಿಗಾಲಿನ್ಯಾಗ ನಿಂತ. ಪೂರಾ ಕೈ. ಇನ್ನೊಂದ ಕಾಲೂ ನೆಲಾ ಬಿಡ್ತು.

ಹಿಂದ ನಿಂತ ಮಲ್ಲಯ್ಯ ಅನ್ನೋ ಹಮಾಲ ಬಾಯಿ ತಗದು, "ಕಾಯ್ ಮಾಣುಸ್ ಆಹೆ ರೇ! ಐದಾಣೆಗೂ ಬಗ್ಗವಲ್ಲ! ಎಂಥಾ ಗಂಡಸ್ರೀ!" ಅಂದ.

ಸಾಯಬಣ್ಣನ ಕಣ್ಣಾಗ ನೀರು ಧಳಧಳ. ಅದ್ನ ನೋಡಿ ಒಬ್ಬಾಂವ, "ಹತ್ತಿ ಮ್ಯಾಲ ಏನ್ ಪ್ರೇಮ ನೋಡ್ರಿ, ಮಗಳ್ನ ಕಳಿಸಿದಂಗ ಅಳಾಕತ್ತಾನ" ಅಂದ. ಸಾಹೇಬನ ಹಣ್ಯಾಗ ಚಳಿಯಾಗೂ ಬೆವರು. ಆರು, ಏಳು, ಎಂಟು. ಒಂದೊಂದಕ್ಕೂ ಒಂದೊಂದು ಕೂಗು. ಒಂಬತ್ತನೇದಕ್ಕ ಕೂಗು ಬರಲಿಲ್ಲ. ಯಾಕಂದ್ರ ಬೆರಳು ಪೂರ್ತಿ ಜೋಮು ಹಿಡ್ದಿತ್ತು. ಸಾಯಬಣ್ಣ "ಹಾ..." ಅಂತ ಸುಖದ ಉಸಿರು ಬಿಟ್ಟ.

ಸಾಹೇಬ ವಸ್ತ್ರ ಕಿತ್ತಿ ಒಗದ. ಸಿದ್ದರಾಮಪ್ಪ ಒದರಿದ: "ಪಕ್ಕಾ! ಒಂಬತ್ತಾಣೆ ಮ್ಯಾಲ!"

ಅಷ್ಟು ದರ ಆ ಪ್ಯಾಟಿ ಕಂಡಿದ್ದಿಲ್ಲ. ಸಾಹೇಬ ಮರ್ಯಾದಿ ಕೊಟ್ಟು ನಡಾ ಬಗ್ಗಿಸಿದ. ಏನೋ ಕೆಳಗ ಬಿದ್ದದ ಅಂತ ಸಾಯಬಣ್ಣನೂ ಬಗ್ಗಿ ಹುಡುಕಿದ. ಸಾಹೇಬ ಇನ್ನೂ ಬಗ್ಗಿದ. ಸಾಯಬಣ್ಣ ಇನ್ನೂ ಬಗ್ಗಿದ. ಕಡೀಕ ಅವನ ತಲೀ ಪಟಗಾ ಉಳ್ಳಿ ಸಾಹೇಬನ ಬೂಟಿನ ಮ್ಯಾಲ ಬಿತ್ತು. ಜನಾ ಸಾಯಬಣ್ಣನ್ನ ಹೆಗಲ ಮ್ಯಾಲ ಹೊತ್ತು ಮೂರು ಸುತ್ತು ಹಾಕಿದ್ರು. ಆ ದರದ ಬೆನ್ನ ಹತ್ತಿ ಉಳದವ್ರೂ ಒಂದೆರಡಾಣೆ ಕಡಿಮಿಗೆ ತಮ್ಮ ತಮ್ಮ ಬಂಡಿ ಖಾಲಿ ಮಾಡಿದ್ರು. ಯಾರೋ ಹಲಗಿ ಬಡದ್ರು. ಸಾಯಬಣ್ಣ ಮ್ಯಾಲಿಂದ ಮೀಸಿ ತಿರುವಿ ಕೇಳಿದ:

"ಎಲ್ರಿ ಸಿದ್ದರಾಮಪ್ಪ, ನಿಮ್ಮ ಅಮೇರಿಕಾ? ಕರೀರಿ ಅದಕ್ಕ! ಮತ್ತ ಎಲ್ಲಿ ನಮ್ಮ ಅಮೃತ್ಯಾ?"

ಅಮೃತಪ್ಪ ನಾಪತ್ತೆ. ಹಜಾಮರ ಭೀಮಣ್ಣ ಕತ್ತಿ ಮಸ್ಕೋತ ಪ್ಯಾಟೆಲ್ಲಾ ಹುಡುಕಿದ. ಅಮೃತಪ್ಪನ ಬಂಡಿ ಇತ್ತು, ಎತ್ತಿದ್ವು, ಹತ್ತಿ ಇತ್ತು. ಅಂವ ಇಲ್ಲ. ಕಡೀಕ ಹಮಾಲ ಮಲ್ಲಯ್ಯನ ಕಣ್ಣಿಗೆ ಬಿದ್ದ. ಎರಡು ಹತ್ತಿ ಚೀಲದ ನಡುವ ಮೀಸಿ ತುದಿ ಒಂದು ಹೊರಗ ಇಣುಕ್ತಿತ್ತು.

"ಸಿಕ್ತು!"

ಎಳದು ತಂದು ಕಟ್ಟಿ ಮ್ಯಾಲ ಕುಂಡ್ರಿಸಿದ್ರು. "ಸಾಯಬ್ಯಾ, ತಂಗಿ ಮಾರಿ ನೋಡಿ ಬಿಡೋ" ಅಂದ ಅಮೃತಪ್ಪ.

"ತಂಗಿ ಮಾರೀನ ದಿನಾ ನೋಡ್ತೀನಿ. ಇವತ್ತ ನಿಂದು ನೋಡಬೇಕು, ಬೋಳಾಗಿ. ಹಚ್ಚು ಭೀಮಣ್ಣ ಸಾಬಾಣ!"

ಭೀಮಣ್ಣ ನೊರಿ ಹಚ್ಚಿದ. ಕತ್ತಿ ಎತ್ತಿದ. ಅಷ್ಟರಾಗ ಸೈಕಲ್ ಗಂಟಿ ಬಾರಿಸ್ಕೋತ ತಾರಿನಾಂವ ಬಂದ. ಸಾಹೇಬ ಕಾಗದ ಓದಿದ. ಕಣ್ಣು ಅಗಲ ಮಾಡಿದ. ಸುತ್ತ ನೋಡಿದ, ಎಲ್ಲಾ ಬಂಡಿ ಖಾಲಿ. ತುಂಬಿದ್ದು ಒಂದ ಒಂದು. ಓಡಿ ಬಂದು ಅದರ ಗಾಲಿ ಅಪ್ಕೊಂಡು ನಿಂತ.

ಸಿದ್ದರಾಮಪ್ಪ ಕಾಗದ ಇಸ್ಕೊಂಡು ಓದಿ ಒದರಿದ: "ಅಮೇರಿಕಾದಾಗ ಹುಳಾ ಬಿದ್ದು ಹತ್ತಿ ಬೆಳಿ ಹೋತಂತ! ಲಂಡನ್ದಾಗ, ಮುಂಬೈದಾಗ ದರ ಜಿಗದದ! ಅಮೃತಪ್ಪ, ಸಾಹೇಬ ಹದಿನಾರಾಣೆ ಮ್ಯಾಲ ಕೊಡ್ತಾನ, ಕೈ ಕೊಡು!"

ಅಮೃತಪ್ಪ ನೊರಿ ಮಾರಿಲೇ ಕೈ ಕೊಟ್ಟ. ವಸ್ತ್ರ ಹೊಚ್ಚೂದ್ರಾಗ ವ್ಯಾಪಾರ ಮುಗದಿತ್ತು.

ಸಾಯಬಣ್ಣ ಇನ್ನೂ ಜನರ ಹೆಗಲ ಮ್ಯಾಲ ಇದ್ದ. ಅಲ್ಲಿಂದನ ಸಣ್ಣ ದನಿಲೇ ಕೇಳಿದ: "ಎಷ್ಟ್ ದೊಡ್ಡದ್ರಿ, ಆ ಹುಳಾ?"

"ಜ್ವಾಳದ ಕಾಳಿನಷ್ಟ ಇರಬೇಕು."

"ಅಲ್ರೀ, ಅದು ಅಮೇರಿಕಾದಾಗ ಹತ್ತಿ ತಿಂದ್ರ ಸೋಲಾಪುರದಾಗ ನನ್ನ ಮೀಸಿ ಹ್ಯಾಂಗ ಹೋಗ್ತದ್ರೀ?"

"ತಂತಿಲೇ" ಅಂದ ಸಿದ್ದರಾಮಪ್ಪ.

ಹೆಗಲ ಮ್ಯಾಲಿಂದ ಸೀದಾ ಕಟ್ಟಿಗೆ ಇಳಿಸಿದ್ರು. ಕಟ್ಟಿ ಅದ, ಕತ್ತಿ ಅದ, ಬಟ್ಟಲದಾಗಿನ ಸಾಬಾಣ ಇನ್ನೂ ಆರಿದ್ದಿಲ್ಲ. ಮಾರಿ ಬದಲಾತು ಅಷ್ಟ. ಹಲಗಿ ಬಡ್ಯಾಂವ ಮಾತ್ರ ನಿಂದರಲಿಲ್ಲ. ಪ್ಯಾಟಿಗೆ ಯಾರ ಗೆದ್ರೂ ಹಬ್ಬನ.

ಹೊಳ್ಳಿ ಬರೂವಾಗ ಅಮೃತಪ್ಪ ಸಮಾಧಾನ ಹೇಳಿದ. "ಸಿಟ್ಟಾಗಬ್ಯಾಡೋ ಸಾಯಬ್ಯಾ. ಒಂಬತ್ತಾಣೆ ನೀನು ಕಣ್ಣೀರು ಹಾಕಿ ಗಳಿಸಿದಿ. ನಾ ಹದಿನಾರಾಣೆ, ಚೀಲದ ನಡುವ ಮಲ್ಕೊಂಡು ಗಳಿಸ್ದೆ. ನಿಂದ ಮರ್ಯಾದಿ ದೊಡ್ಡದು."

ವಳಸಂಗಕ್ಕ ಬಂದಾಗ ನಡುರಾತ್ರಿ. ಗುರಮ್ಮ ದೀಪಾ ಹಿಡ್ಕೊಂಡು ಬಾಗಲಕ್ಕ ಬಂದು ಅಣ್ಣನ ಜೋಡಿ ಇದ್ದ ಬೋಳು ಮಾರಿ ನೋಡಿದ್ಳು. ಲಗೂನ ತಲಿ ಮ್ಯಾಲ ಸೆರಗು ಎಳಕೊಂಡ್ಳು.

"ಅಣ್ಣಾ, ನಮ್ಮವ್ರು ಎಲ್ಲಿ ಉಳದ್ರು? ಈ ಪಾವಣ್ಯಾರು ಯಾರು? ನೀರು ಕೊಡ್ತೀನಿ, ಕುಂಡ್ರ ಹೇಳು."

ಅಮೃತಪ್ಪ ಮೀಸಿ ತಿರುವಿದ. ಗುರಮ್ಮ ತಂಬಗಿ ನೀರು ತಂದು ಮುಂದ ಹಿಡದ್ಳು. ಸಾಯಬಣ್ಣ ಬಲಗೈ ಚಾಚಿದ. ಜೋಮು ಯಾವಾಗೋ ಬಿಟ್ಟಿತ್ತು. ತುಂಬಿದ ತಂಬಗಿ ಬರೋಬರ ತೋರಬೆರಳಿಗೆ ಬಡೀತು.

"ಅವ್ವಾ, ಸತ್ನೇ!"

ಓಣಿ ಕೋಳಿ ಎಲ್ಲಾ ಎದ್ದು ಕೂಗಿದ್ವು.

"ಅಯ್ಯ!" ಅಂತ ಗುರಮ್ಮ ಸೆರಗು ಸರಿಸಿದ್ಳು. "ಇವ್ರು ನಮ್ಮವ್ರ!"