ಭವಿಷ್ಯ ಬರೆಯುವವರ ಗುಂಪು

ನಮ್ಮ ಗುಂಪಿನಲ್ಲಿ ಬರೆದು ಮುಗಿಸಿದ ಕತೆಗಳಿಗಿಂತ, ಬರೆಯಲು ಹೋಗಿ ಆದ ಫಜೀತಿಗಳೇ ಹೆಚ್ಚು. ಒಂದನ್ನು ಸಾಗಹಾಕಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಆಳಂದದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕನ್ನಡಕದ ಅಂಗಡಿ. ಕೂತಲ್ಲಿ ಕೂರದ ಜೀವ ನನ್ನದು. ಗಿರಾಕಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತ ನಿಂತಾಗಲೂ ತಲೆಯೊಳಗೆ ಯಾವುದೋ ಗ್ರಹ ಗಿರಗಿರ ತಿರುಗುತ್ತಿರುತ್ತದೆ. ಈ ಚಡಪಡಿಕೆ ತಾಳಲಾರದೆ ಫೋನಿನಲ್ಲಿ ಒಂದು ಗುಂಪು ಮಾಡಿದೆ. ಇನ್ನೂ ಬಾರದ ಕಾಲ, ಬೇರೆ ಲೋಕ, ದೆವ್ವ, ಇಂಥವುಗಳ ಬಗ್ಗೆ ಹವ್ಯಾಸಕ್ಕೆ ಕತೆ ಬರೆಯುವವರು ಸೇರಲಿ ಅಂತ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯವರು ಸೇರಿದರು. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಆದರೂ ಎಲ್ಲರೂ ಎಲ್ಲರ ಕತೆಯಲ್ಲೂ ತಪ್ಪು ಹುಡುಕುತ್ತಿದ್ದರು.

ಹೆಸರಿನ ಫಜೀತಿ

ಗುಂಪಿಗೆ 'ಭವಿಷ್ಯ ಬರೆಯುವವರು' ಅಂತ ಹೆಸರಿಟ್ಟವನು ನಾನೇ. ಬಹಳ ಚಂದ ಇದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹಿರೋಳ್ಳಿಯ ರೈತರೊಬ್ಬರು ಸೇರಿದರು. ಸೇರಿದವರೇ, "ನಮಸ್ಕಾರ್ರಿ. ನನ್ನ ಮಗಳ ಲಗ್ನ ಯಾವಾಗ ಆಗ್ತದ ಹೇಳ್ರಿ" ಎಂದು ಬರೆದರು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಜೇವರ್ಗಿಯ ನಿವೃತ್ತ ಹೆಡ್‌ಮಾಸ್ತರರು. ಇದು ಯಾವುದೋ ಹೊಸ ಕತೆಯ ಮೊದಲ ಸಾಲು ಎಂದುಕೊಂಡು ಅವರು ಕೂಡಲೇ ಉತ್ತರ ಹಾಕಿದರು: "ಮುಂದ ಲಗ್ನ ಅನ್ನೋದೇ ಇರಂಗಿಲ್ರಿ. ಮಕ್ಕಳು ಯಂತ್ರದಾಗ ಹುಟ್ತಾವ."

ಸ್ವಲ್ಪ ಹೊತ್ತಿಗೆ ನನಗೆ ಫೋನ್ ಬಂತು. ಆ ರೈತರದೇ.

"ನನ್ನ ಮಗಳ ನಸೀಬದಾಗ ಲಗ್ನಾನೇ ಇಲ್ಲಂತ ಬರದಾರ್ರಿ! ಮನ್ಯಾಗ ಆಕಿ ಅವ್ವ ಅಳಾಕತ್ತಾಳ!"

"ಅಯ್ಯೋ ಕಾಕಾ, ನಾವು ಜ್ಯೋತಿಷ್ಯ ಹೇಳೋರಲ್ರಿ. ನಾವು ಕತಿ ಬರಿಯೋರು. ಎಲ್ಲಾ ಸುಳ್ಳು."

"ಎಲ್ಲಾ ಸುಳ್ಳೇನ್ರಿ?"

"ಖರೇನೇ ಎಲ್ಲಾ ಸುಳ್ರಿ."

ಅವರು ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಹೆಂಡತಿಗೆ ಕೂಗಿ ಹೇಳಿದ್ದೂ ನನಗೆ ಕೇಳಿಸಿತು. ಇನ್ನೇನು ಫೋನ್ ಇಡಬೇಕು, ದನಿ ತಗ್ಗಿಸಿ ಕೇಳಿದರು: "ಆದ್ರೂ ಮುಂದಿನ ವಾರ ತೊಗರಿ ರೇಟ್ ಏನಾಗ್ತದ, ಅದೊಂದು ಹೇಳಿಬಿಡ್ರಿ."

ಚಹಾ ಕುಡಿದ ಶತ್ರುಗಳು

ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ದೊಡ್ಡ ಯುದ್ಧದ ಕತೆ ಹಾಕಿದರು. ಕಬ್ಬಿನ ಹೊಲದಲ್ಲಿ ಹಾರುವ ತಟ್ಟೆ ಇಳಿಯುತ್ತದೆ. ಅದರೊಳಗಿಂದ ಬಂದ ದಂಡನಾಯಕ "ಎಲೈ ಮಾನವರೇ, ಶರಣಾಗಿರಿ!" ಎಂದು ಗುಡುಗುತ್ತಾನೆ.

ಅಫಜಲಪುರದಲ್ಲಿ ರೊಟ್ಟಿ ಅಂಗಡಿ ನಡೆಸುವ ಅಕ್ಕ ನಮ್ಮ ಗುಂಪಿನಲ್ಲೇ ಖಡಕ್ ವಿಮರ್ಶಕಿ. ಆಕೆ ಕೇಳಿದಳು: "ಇವ ಏನು ನಾಟಕದ ಕಂಪನಿಯಿಂದ ಬಂದಾನೇನ್ರಿ? ಹವಳಗಾದಾಗ ಇಳದ ಮ್ಯಾಲ ನಮ್ಮಂಗ ಮಾತಾಡಬೇಕಲ್ರಿ?"

ಗೆಳೆಯರಿಗೆ ಸಿಟ್ಟು ಬಂತು. ನಾನು ಬಿಡಲಿಲ್ಲ. ಆಯ್ತೇನ್ರಿ, ಬರದ್ರೇನ್ರಿ ಅಂತ ತಾಸಿಗೊಮ್ಮೆ ಪೀಡಿಸಿದೆ. ಕೊನೆಗೆ ತಿದ್ದಿ ಕಳಿಸಿದರು. ಈಗ ದಂಡನಾಯಕ ಬೆಂಕಿಯುಗುಳುವ ಆಯುಧ ಹಿಡಿದು, "ನಾವು ನಿಮ್ಮ ಭೂಮಿ ಕಸಗೊಳ್ಳಾಕ ಬಂದೇವ್ರಿ" ಅನ್ನುತ್ತಾನೆ. ಹೊಲದ ಯಜಮಾನ, "ಬರ್ರಿ, ಬರ್ರಿ. ಮೊದಲು ಕೂಡ್ರಿ. ಯಾವೂರ್ರಿ ನಿಮ್ದು?" ಎಂದು ಕೇಳುತ್ತಾನೆ. ಮುಂದಿನ ಪುಟದಲ್ಲಿ ಚಹಾ ಬರುತ್ತದೆ. ಅದರ ಮುಂದಿನ ಪುಟದಲ್ಲಿ ದಂಡನಾಯಕ ತನ್ನ ಊರಿನ ನೀರಿನ ತಾಪತ್ರಯ ಹೇಳಿಕೊಳ್ಳುತ್ತಿದ್ದಾನೆ.

"ಯುದ್ಧ ಎಲ್ರಿ?" ಎಂದೆ.

"ನಾ ಬಾಳ ಹೇಳಿ ನೋಡಿದ್ನಿರಿ. ಚಾ ಕುಡದ ಮ್ಯಾಲ ಬಡದಾಡಾಕ ಇಬ್ರೂ ಒಲ್ಲೆ ಅನ್ನಾಕತ್ತಾರ."

ನೌಕೆಯಲ್ಲಿ ರೊಟ್ಟಿ

ರೊಟ್ಟಿ ಅಂಗಡಿಯ ಅಕ್ಕನ ಕೈ ಸದಾ ಹಿಟ್ಟಿನಲ್ಲಿ. ಆದ್ದರಿಂದ ಆಕೆ ಕತೆಯನ್ನು ಬಾಯಲ್ಲಿ ಹೇಳುತ್ತಾಳೆ, ಫೋನ್ ತಾನೇ ಬರೆದುಕೊಳ್ಳುತ್ತದೆ. ಒಮ್ಮೆ ಓದಿ ನೋಡದೆ ಹಾಗೇ ಗುಂಪಿಗೆ ಕಳಿಸಿಬಿಟ್ಟಳು:

"ರಾಣಿ ಗಗನನೌಕೆಯ ಕಿಟಕಿಯಿಂದ ಕತ್ತಲ ಆಕಾಶವನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು. ಎರಡು ಡಜನ್ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾರೆ ಕಟ್ಟು. ಭೂಮಿ ಈಗ ಒಂದು ಚುಕ್ಕೆಯಷ್ಟೇ."

ಹೆಡ್‌ಮಾಸ್ತರರು ಕರಗಿಹೋದರು. "ತಾಯಿ, ಇದೇ ನೋಡ್ರಿ ಬರವಣಿಗಿ! ಊರು ಬಿಟ್ಟ ಹೆಣ್ಮಗಳು ಅಷ್ಟು ದೂರ ಹೋದ್ರೂ ಬುತ್ತಿ ಮರೆತಿಲ್ಲ. ನನ್ನ ಕಣ್ಣಾಗ ನೀರು ಬಂತು" ಎಂದು ಉದ್ದಕ್ಕೆ ಬರೆದರು.

"ಸರ್, ಅದು ಗಿರಾಕಿ ಹೇಳಿದ್ದ್ರಿ. ಅಳಸ್ತೀನಿ."

"ಅಳಸಬ್ಯಾಡ್ರಿ! ಅದೊಂದು ಸಾಲಿನ ಮ್ಯಾಲೇ ಕತಿ ನಿಂತದ."

ಅಕ್ಕ ಮರುದಿನವಿಡೀ ಪ್ರತಿ ಗಿರಾಕಿಯ ಎದುರೂ ಫೋನ್ ಹಿಡಿದು ನಿಂತಳಂತೆ. ಸಂಜೆ ನನಗೆ ಬೇಜಾರಿನಿಂದ ಬರೆದಳು: "ಇವತ್ತು ಯಾರೂ ಛಲೋ ಸಾಲು ಹೇಳಿಲ್ರಿ. ಎಲ್ಲಾರೂ ಬರೇ ರೊಟ್ಟಿ ಒಯ್ದ್ರು."

ನನ್ನ ಮಣ್ಣು

ಇದು ನನಗೇ ಆದದ್ದು.

ಒಂದು ದೆವ್ವದ ಕತೆ ಬರೆದಿದ್ದೆ. ಸತ್ತವನೇ ತನ್ನ ಕತೆ ಹೇಳುವುದು. ಅವತ್ತು ಗುಂಪಿನವರೆಲ್ಲ ಮೊದಲ ಸಲ ಅಫಜಲಪುರದಲ್ಲಿ ಸೇರುವುದಿತ್ತು. ಬಸ್ ಹೊರಡುತ್ತಿದೆ, ಒಂದು ಕಾಲು ಮೆಟ್ಟಿಲ ಮೇಲೆ. ಆ ಅವಸರದಲ್ಲಿ ಕತೆಯ ಮೊದಲ ಸಾಲು ಗುಂಪಿಗೆ ಹಾಕಿದೆ: "ನಾನು ಇವತ್ತು ಬೆಳಿಗ್ಗೆ ತೀರಿಕೊಂಡೆ." ಫೋನ್ ಜೇಬಿಗಿಳಿಸಿ ಸೀಟು ಹಿಡಿದೆ. ಅದು ಹೋಗಿದ್ದು ನಮ್ಮ ಮನೆತನದ ಗುಂಪಿಗೆ.

ಬಸ್ ಊರು ದಾಟಿದ ಮೇಲೆ ಸೊಲ್ಲಾಪುರದ ನನ್ನ ಸೋದರಮಾವ, ಮಾಮುವಿನ ಫೋನ್ ಬಂತು. ಮನೆಯಲ್ಲಿ ನಮ್ಮದು ದಖನಿ ಉರ್ದು ಮಾತು, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

"ಬೇಟಾ, ಮಣ್ಣು ಕೊಡೋದು ಎಷ್ಟು ಗಂಟೆಕ್ಕ?"

"ಯಾರದು ಮಾಮು?"

"ನಿಂದು."

"ಮಾಮು, ನಾ ಮಾತಾಡಾಕತ್ತೇನಿ!"

"ಅದು ಕೇಳಾಕತ್ತದಲ್ಲೋ. ಟೈಮ್ ಹೇಳು, ನಾ ಸೊಲ್ಲಾಪುರದಿಂದ ಬಸ್ ಹಿಡೀಬೇಕು."

ಕೂಡಲೇ ಮನೆತನದ ಗುಂಪು ತೆರೆದು ನೋಡಿದರೆ ಸಾಲುಸಾಲು ದುಆ, ಅಳುವ ಮುಖಗಳು. ಸಾಲನ್ನು ಅಳಿಸಲು ಹೋದರೆ ನೆಟ್‌ವರ್ಕ್ ಹೋಯಿತು. ಮನೆಗೆ ಫೋನ್ ಮಾಡಿದರೆ ಹತ್ತಲಿಲ್ಲ. "ನಿಲ್ಲಸ್ರಿ, ನಿಲ್ಲಸ್ರಿ!" ಅಂತ ಕೂಗಿದೆ. ಕಂಡಕ್ಟರ್ "ಏನಾತ್ರಿ?" ಅಂದ. "ಮನ್ಯಾಗ ನಾ ತೀರಿಕೊಂಡೀನ್ರಿ" ಅಂದುಬಿಟ್ಟೆ. ಅವನು ಕೂಡಲೇ ಸೀಟಿ ಊದಿದ.

ಎದುರಿಗೆ ಬಂದ ಟಂಟಂ ಆಟೋ ಹತ್ತಿ ವಾಪಸು ಬಂದೆ. ಗಾಡಿ ಎಷ್ಟು ಓಡಿದರೂ ನನಗೆ ನಿಂತಲ್ಲೇ ನಿಂತ ಹಾಗೆ ಅನ್ನಿಸುತ್ತಿತ್ತು. ಓಣಿಯ ತುಂಬ ಜನ. ನನ್ನನ್ನು ಕಂಡವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಒಳಗೆ ಚಿಕ್ಕಪ್ಪನ ಹೆಂಡತಿ ಚಾಚಿ ಎದೆ ಬಡಿದುಕೊಂಡು ಅಳುತ್ತಿದ್ದರು. ಹೆಂಡತಿ ಗೋಡೆಗೊರಗಿ ಕೂತಿದ್ದಳು, ಕೈಯಲ್ಲಿ ಫೋನ್, ಮುಖ ಸುಣ್ಣದ ಹಾಗೆ. ನನ್ನನ್ನು ನೋಡಿದಳು. ಎದ್ದು ಬಂದು ತೋಳನ್ನು ಹಿಡಿದು ಹಿಡಿದು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ದಬದಬ ಹೊಡೆದಳು. ಹೊಡೆಯುತ್ತಲೇ ಅತ್ತಳು. ನನ್ನ ಕಣ್ಣೂ ತುಂಬಿತು. ಚಾಚಿಯೂ ಬಂದು ತಮ್ಮ ಪಾಲಿನದನ್ನು ಕೊಟ್ಟರು.

ಬಂದವರೆಲ್ಲ ಊಟಕ್ಕೆ ಕೂತರು. ಅಷ್ಟರಲ್ಲಿ ಮಾಮುವೂ ಬಂದು ಮುಟ್ಟಿದರು. "ಇಷ್ಟು ದೂರ ಬಂದೀನಿ, ಆ ಕತಿಯಾದ್ರೂ ಓದು" ಎಂದರು. ನಿಂತು ಇಡೀ ಕತೆ ಓದಿದೆ. ಚಾಚಿ ಮತ್ತೊಂದು ಸಲ ಅತ್ತರು. ಓಣಿಯವರು ಕಿಟಕಿಗೆ ಕಿವಿಗೊಟ್ಟು ನಿಂತರು. ನಾನು ಮಾಮುವಿನ ಮುಖವನ್ನೇ ನೋಡಿದೆ.

ಮಾಮು ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು ಹೇಳಿದರು: "ಕತಿ ಛಲೋ ಅದ ಬೇಟಾ. ಆದ್ರ ಸತ್ತವ ಹಿಂಗ ಮಾತಾಡ್ತಾನ ಅಂದ್ರ ಯಾರು ನಂಬ್ತಾರ?"