ಅಲುಗಾಡಿಸದ ಸೀಸೆ

ಆಗಷ್ಟೇ ಬೇಸಿಗೆ ಕಾಲಿಟ್ಟಿತ್ತು. ಬೆಳಗಿನ ಬಿಸಿಲು ಇನ್ನೂ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ. ಗಡಿಯಾರ ರಿಪೇರಿಯವನ ಮೊಣಕೈ ತಗುಲಿ, ಚಕ್ರ ತೊಳೆಯುವ ಸ್ಪಿರಿಟ್ಟಿನ ಸೀಸೆ ಉರುಳಿತು, ಅಂಗಿಯೆಲ್ಲ ತೊಯ್ದುಹೋಯಿತು. ಬೇರೆಯವರ ಅಂಗಿಯಾಗಿದ್ದರೆ ಒಣಗಿ ಸುಮ್ಮನಾಗುತ್ತಿತ್ತು. ಇವನು ಕುಡಿತ ಬಿಟ್ಟು ಒಂದು ತಿಂಗಳಾಗಿತ್ತು.

ಬಿಟ್ಟದ್ದು ಅವನಲ್ಲ, ಬಿಡಿಸಿದ್ದು ಆಸ್ಪತ್ರೆಯ ಸೂಜಿ ಎಂದೇ ಬೀದಿಯ ನಂಬಿಕೆ. ಡಾಕ್ಟರು ಹೇಳಿದ್ದರು: ಹಿಟ್ಟಿನಷ್ಟು ಸಣ್ಣ ಕಾಳುಗಳು, ಒಳಗೆ ಮದ್ದು. ಮೈಯೊಳಗೆ ಕಲ್ಲುಸಕ್ಕರೆಯಂತೆ ಮೆಲ್ಲಗೆ ಕರಗುತ್ತ ದಿನಕ್ಕಿಷ್ಟು ಮದ್ದು ಬಿಟ್ಟು, ತಿಂಗಳಿಗೆ ತಾವೂ ಇಲ್ಲವಾಗುತ್ತವೆ. ಅಲ್ಲಿಯವರೆಗೆ ಕುಡಿಯುವ ಚಪಲ ಏಳುವುದಿಲ್ಲ. ಆದರೂ ಹೆಂಡತಿ ಪೆಟ್ಟಿಗೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು. ಇನ್ನೊಂದು ಸಲ ಕುಡಿದರೆ ತವರಿಗೆ. ಕಾವಲಿಗೆ ತಾಯಿಯನ್ನೂ ಕರೆಸಿಕೊಂಡಿದ್ದಳು.

ಪಕ್ಕದಂಗಡಿಯ ದರ್ಜಿ ಮೂಗರಳಿಸಿದ. "ಏನಣ್ಣಾ, ಬೆಳಬೆಳಗ್ಗೇನೇ?"

"ಸ್ಪಿರಿಟ್ಟು ಕಣಯ್ಯಾ, ಮೈಮೇಲೆ ಚೆಲ್ತು."

"ಮೇಲೆ ಚೆಲ್ಲಿದ್ದು ಗೊತ್ತಾಯ್ತು. ಒಳಗೆ ಹೋಗಿದ್ದೆಷ್ಟು?"

ಅಂಗಿ ಬಿಚ್ಚಿ ಹಿಂಡಿ, ಬನಿಯನ್ನಿನಲ್ಲಿ ಕೂತ. ಅದರಿಂದ ಕೆಲಸ ಇನ್ನೂ ಕೆಟ್ಟಿತು. ಮೈಮೇಲೆ ಬಟ್ಟೆಯ ಎಚ್ಚರವೂ ಇಲ್ಲದೆ ಬಿದ್ದಿದ್ದಾನೆ ಎಂಬ ಸುದ್ದಿ ಅವನ ಮನೆ ಮುಟ್ಟಿತು. ಅತ್ತೆ ಬಂದರು, ಹಿಂದೆ ಹೆಂಡತಿ.

"ಊದಿ, ಅಳಿಯಂದಿರೇ."

ಊದಿದ.

"ಲವಂಗದ ವಾಸನೆ! ಏನನ್ನ ಮುಚ್ಚೋಕೆ?"

"ಹಲ್ಲುನೋವು ಅತ್ತೆ!"

"ನಿನ್ನೆ ಇರಲಿಲ್ವಲ್ಲ?" ಎಂದಳು ಹೆಂಡತಿ.

"ತಿಂಗಳಾಯ್ತಲ್ಲಕ್ಕಾ, ಕಾಳು ಕರಗಿ ಖಾಲಿಯಾಗಿರಬೇಕು," ಎಂದ ದರ್ಜಿ ಉಪಕಾರಿಯಂತೆ.

ಅಲ್ಲಿಂದ ಮೆರವಣಿಗೆ ಆಸ್ಪತ್ರೆಗೆ. ದರ್ಜಿ ಕೊರಳಿನ ಟೇಪು ಕೂಡ ತೆಗೆಯದೆ ಹಿಂಬಾಲಿಸಿದ.

ಸಿಸ್ಟರು ಈ ತಿಂಗಳ ಸೂಜಿಗೆಂದು ಮದ್ದಿನ ಹೊಸ ಸೀಸೆಗೆ ನೀರು ಬೆರೆಸಿ, ಹಾಲಿನಂತೆ ಆಗುವತನಕ ಗಡಗಡ ಅಲುಗಾಡಿಸಿದರು. ಸುಮ್ಮನಿರಬಾರದೇ ಇವನು?

"ಹೋದ ಸಲ ಬೇರೆ ಸಿಸ್ಟರು ಹೀಗೆ ಅಲುಗಾಡಿಸ್ಲಿಲ್ಲ. ನೀರು ತಿಳಿಯಾಗೇ ಇತ್ತು."

ಸಿಸ್ಟರು ಅಲುಗಾಡಿಸುವುದನ್ನು ನಿಲ್ಲಿಸಿದರು. ದುಬಾರಿ ಮದ್ದಿನ ಬರಿ ಸೀಸೆಗಳನ್ನು ಕಂಪನಿಗೆ ಹಿಂತಿರುಗಿಸಲೆಂದು ಬೀರುವಿನಲ್ಲಿ ಇಡುವ ಪದ್ಧತಿ. ಇವನ ಹೋದ ಸಲದ ಸೀಸೆ ತೆಗೆದು ನೋಡಿದರೆ, ಮದ್ದೆಲ್ಲ ತಳದಲ್ಲಿ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು.

ಡಾಕ್ಟರು ಇವನ ಬೆನ್ನು ತಟ್ಟಿದರು. "ನಿಮ್ಮ ಮೈಗೆ ಹೋಗಿದ್ದು ಬರೀ ನೀರು ಕಣ್ರೀ! ಮದ್ದಿಲ್ಲದೇ ಬಿಟ್ಟಿದ್ದೀರಿ. ಭೇಷ್!"

ದರ್ಜಿ ಕೊರಳಿನ ಟೇಪು ತೆಗೆದು ಸುತ್ತತೊಡಗಿದ. ಗಡಿಯಾರದವನ ಎದೆ ಬನಿಯನ್ನಿನೊಳಗೆ ಪೂರಿಯಂತೆ ಉಬ್ಬಿತು. ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣುಗಳು ಮೊದಲಿಗಿಂತ ಕಿರಿದಾಗಿದ್ದವು.

"ಅಂದ್ರೆ, ನಿಮ್ಮ ಕೈಲಿ ಆಗ್ತಿತ್ತು."

"ಮತ್ತೆ? ನನ್ನನ್ನ ಏನಂದ್ಕೊಂಡೆ!"

"ಮದುವೆಯಾದಾಗಿನಿಂದ ‘ನನ್ನ ಕೈಲಾಗಲ್ಲ ಕಣೇ’ ಅಂತ ನನ್ನ ಸೆರಗಿಗೆ ಮೂಗೊರೆಸಿ ಅತ್ತಿದ್ದು ಯಾರು? ಕಾಯಿಲೆ ಅಂತ ನಾನು ಸಹಿಸ್ಕೊಂಡೆ. ಆಗ್ತಿತ್ತು, ಆದ್ರೂ ಕುಡಿದ್ರಿ!"

ಇವನು ಡಾಕ್ಟರ ಮುಖ ನೋಡಿದ. ಡಾಕ್ಟರು ಸೀಸೆಯ ಮುಖ ನೋಡಿದರು.

"ಸಿಸ್ಟರ್, ಆ ಸೂಜಿ ಚುಚ್ಚಿಬಿಡಿ," ಎಂದು ಗೋಗರೆದ. "ನನ್ನ ಕೈಲಾಗಲ್ಲ."

ಯಾರೂ ನಂಬಲಿಲ್ಲ.

ಹೆಂಡತಿ ಪೆಟ್ಟಿಗೆ ಎತ್ತಿಕೊಂಡು ತವರಿಗೆ ಹೊರಟದ್ದು ಅಂದೇ, ಸಂಜೆಯ ಬಸ್ಸಿಗೆ. ಕಾವಲಿಗೆ ಬಂದ ಅತ್ತೆ ಇನ್ನೂ ಹೊರಟಿಲ್ಲ.